ಅರ್ಧ ಗಂಟೆಗೆ ಎರಡು ಬಿರ್

ನಾನು ಪತ್ರಿಕೆ ಮಾರುವವನಲ್ಲ, ಬಾಡಿಗೆಗೆ ಕೊಡುವವನು.
ಅಡಿಸ್ ಅಬಾಬಾದಲ್ಲಿ, ಅರಾತ್ ಕಿಲೋ ವೃತ್ತದ ಹಿಂದಿನ ಗಲ್ಲಿಯಲ್ಲಿ
ಒಂದು ಮೋಟುಗೋಡೆ ನನ್ನ ಅಂಗಡಿ,
ಒಂಬತ್ತು ಕಲ್ಲು ನನ್ನ ಕುರ್ಚಿ.
ಕಲ್ಲಿಗೆ ದುಡ್ಡಿಲ್ಲ, ಓದಿಗೆ ಉಂಟು:
ಅರ್ಧ ಗಂಟೆಗೆ ಎರಡು ಬಿರ್.
ಕೊಂಡರೆ ಇಪ್ಪತ್ತು. ಯಾರೂ ಕೊಳ್ಳುವುದಿಲ್ಲ,
ಇಬ್ಬರು ವಕೀಲರನ್ನು ಬಿಟ್ಟು.
ಗಟ್ಟಿಯಾಗಿ ಓದಕೂಡದು,
ಪಕ್ಕದ ಕಲ್ಲು ಪುಕ್ಕಟೆ ಕೇಳಿಸಿಕೊಳ್ಳುತ್ತದೆ.

ಬೆಳಗಿನ ಒಂದು ಗಂಟೆಗೆ ಕಟ್ಟು ಬಿಚ್ಚುತ್ತೇನೆ.
(ನಮ್ಮ ಗಡಿಯಾರ ಸೂರ್ಯನ ಜೊತೆ ಏಳುತ್ತದೆ,
ಅವನು ಹುಟ್ಟಿ ಒಂದು ಗಂಟೆಯಾದರೆ ಒಂದು ಗಂಟೆ.)
ಮಸಿಗಿನ್ನೂ ಸೀಮೆಎಣ್ಣೆ ವಾಸನೆ,
ಕಾಗದ ಬೆಚ್ಚಗೆ, ಆಗಷ್ಟೆ ಹೆಂಚಿನಿಂದೆದ್ದ ಇಂಜೆರಾ.
ತಂಗಿಯ ಮಗ ನಗುತ್ತಾನೆ: ‘ಮಾಮ, ಇದೆಲ್ಲ ನಿನ್ನೆಯದು,
ನೋಡಿಲ್ಲಿ, ಈಗಿನದು.’
ನೋಡಿದೆ. ಅವನ ಫೋನಿನಲ್ಲಿ ವರ್ಷ ಕೂಡ ನಮ್ಮದಲ್ಲ,
ಏಳು ವರ್ಷ ಮುಂದಕ್ಕೆ ಓಡಿಬಿಟ್ಟಿದೆ.
ಹೆಬ್ಬೆರಳು ತಳ್ಳಿದಷ್ಟೂ ಇಳಿಯುತ್ತದೆ,
ಹಗ್ಗ ಮುಗಿದರೂ ನೀರು ಸಿಕ್ಕದ ಬಾವಿ.
ನನ್ನದು ಹದಿನಾರು ಪುಟ. ಮುಗಿಯುತ್ತದೆ.
ಮುಗಿಸಿದವನು ಮಡಚಿ ಕೊಟ್ಟು, ಪ್ಯಾಂಟು ಕೊಡವಿ ಏಳುತ್ತಾನೆ,
ಈವತ್ತಿಗೆ ಲೋಕ ಇಷ್ಟೇ ಎಂಬಂತೆ.

ಒಂದೊಂದು ಪ್ರತಿ ಸಂಜೆಯೊಳಗೆ ಇಪ್ಪತ್ತು ಕೈ ದಾಟುತ್ತದೆ.
ಪದಬಂಧದಲ್ಲಿ ಒಬ್ಬ ಮೂರು ಮನೆ ತುಂಬಿದರೆ
ಮುಂದಿನವನು ಎಂಜಲು ಹಚ್ಚಿ ಎರಡನ್ನು ಅಳಿಸುತ್ತಾನೆ.
ಫುಟ್‌ಬಾಲ್ ಪುಟಕ್ಕೆ ಮೆಣಸಿನ ಪುಡಿಯ ಹೆಬ್ಬೆಟ್ಟು.
ಮಂತ್ರಿಯೊಬ್ಬನ ತಲೆಯ ಸುತ್ತ
ಮಕಿಯಾಟೊ ಲೋಟದ ದುಂಡನೆ ಕಲೆ,
ಇಗರ್ಜಿ ಗೋಡೆಯ ಸಂತರಿಗೆ ಇರುವಂಥದೇ ಪ್ರಭೆ.
ಅಂದು ಸಂಜೆಯವರೆಗೂ ಅವನು ಸಂತನಾಗಿಯೇ ಇದ್ದ.

ಒಂದು ಮಂಗಳವಾರ
ಹನ್ನೊಂದನೇ ಪುಟದಲ್ಲಿ ಒಂದು ಕಿಟಕಿ.
ಬ್ಲೇಡಿನಿಂದ ಕೊಯ್ದದ್ದು, ನಾಲ್ಕು ಮೂಲೆ ನೇರ.
ಆ ಪತ್ರಿಕೆಯದು ನನ್ನಲ್ಲಿದ್ದುದು ಅದೊಂದೇ ಪ್ರತಿ.
ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ.
ಆದರೆ ಅವತ್ತಿನಷ್ಟು ಬಾಡಿಗೆ ಆ ಪ್ರತಿಗೆ ಎಂದೂ ಬಂದದ್ದಿಲ್ಲ.
ಏನಿತ್ತು ಅಲ್ಲಿ? ಲಾಟರಿ ನಂಬರು ಅಂದರು,
ಖಾಲಿ ಮನೆ ಅಂದರು,
ನರ್ಸಿಂಗ್ ಓದಿ ಎರಡು ವರ್ಷ ಕೆಲಸ ಹುಡುಕಿದ ವೊಯಿನ್‌ಶೆತ್
‘ಅದು ನನ್ನ ಕೆಲಸ’ ಅಂತ ಮೂರು ಸಲ ಬಾಡಿಗೆ ತೆತ್ತಳು,
ಪುಟವನ್ನು ಮುಖದ ಮುಂದೆ ಎತ್ತಿ ಹಿಡಿದು
ತೂತಿನಲ್ಲಿ ಬೂಟು ಪಾಲಿಶ್ ಹುಡುಗನನ್ನು,
ನೀಲಿ ಬಿಳಿ ವ್ಯಾನುಗಳನ್ನು
ಅಚ್ಚಾದ ಸುದ್ದಿಯಂತೆ ಓದುತ್ತ ಕೂತಳು.

ಫೋನಿನಲ್ಲಿ ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇರುವುದಿಲ್ಲ,
ನೀರು ಕೂಡಿಕೊಂಡಂತೆ ಜಾಗ ಕೂಡಿಕೊಳ್ಳುತ್ತದೆ.
ಕಾಗದವೂ ಸುಳ್ಳು ಹೇಳುತ್ತದೆ, ನಾನೇ ಕಂತೆಗಟ್ಟಲೆ ಹಂಚಿದ್ದೇನೆ;
ಆಡಿದ್ದನ್ನು ಮತ್ತೆ ನುಂಗಲು ಮಾತ್ರ ಅದಕ್ಕೆ ಬಾರದು.
ಕೊಯ್ದರೆ ಕೊಯ್ದ ಜಾಗ ಇರುತ್ತದೆ.

ಹದಿನೈದು ದಿನ ಬಿಟ್ಟು ತೆಸ್ಸೆಮಾ ಬಂದ,
ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು.
ತಲೆಗೆ ಕರಿ ಟೋಪಿ, ಗಡ್ಡ ಬೋಳಿಸಿರಲಿಲ್ಲ.
ಕಲ್ಲಿನ ಮೇಲೆ ಇಪ್ಪತ್ತು ಬಿರ್ ಇಟ್ಟ.
ಚಿಲ್ಲರೆ ಚಾಚಿದೆ, ತೆಗೆದುಕೊಳ್ಳಲಿಲ್ಲ.
ಎದೆಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು
‘ಈವತ್ತಿನದು ಕೊಡು’ ಅಂದ.
ಮೂವತ್ತು ನಿಮಿಷವಾಯಿತು, ನಲವತ್ತಾಯಿತು.
ನಾನು ಬೇರೆ ಕಡೆ ನೋಡುತ್ತಿದ್ದೆ.

ಸಂಜೆ ಹಳೆಯ ಕಟ್ಟನ್ನು
ಹುರಿದ ಬಾರ್ಲಿ ಮಾರುವ ದಿನ್‌ಕಿನೆಶ್‌ಗೆ ತೂಕಕ್ಕೆ ಹಾಕುತ್ತೇನೆ.
ಲೆಕ್ಕ ಮುಗಿದ ಮೇಲೆ ಒಂದು ಪೊಟ್ಟಣ ಅವಳು ಸುಮ್ಮನೆ ಕೊಡುತ್ತಾಳೆ.
ತಿನ್ನುತ್ತ ನಡೆದು, ಖಾಲಿಯಾದ ಮೇಲೆ ಬೀದಿದೀಪದ ಕೆಳಗೆ
ಸುರುಳಿ ಬಿಚ್ಚುತ್ತೇನೆ: ಎಲ್ಲೋ ಸೇತುವೆಯೊಂದು ಕುಸಿದಿದೆ,
ದಾಟುತ್ತಿದ್ದ ಮದುವೆ ದಿಬ್ಬಣ
ಆರನೇ ಪುಟಕ್ಕೆ.
ಆರನೇ ಪುಟ ಯಾರ ಕೈಯಲ್ಲಿದೆಯೋ,
ಇನ್ನೂ ಬೆಚ್ಚಗೆ, ಬಾರ್ಲಿ ತುಂಬಿಕೊಂಡು.